ಪಂಕ್ತಿಗಾಗಿ ಉಳಿಸಿಕೊಂಡ ಕೀಲು

ಹತ್ತು ವರ್ಷದ ಹಿಂದೆ, ರಕ್ತ ಹರಿಯದೆ ನನ್ನ ಸೊಂಟದ ಕೀಲಿನ ಎಲುಬು ಸಾಯತೊಡಗಿತ್ತು. ಕೀಲನ್ನೇ ಬದಲಿಸಿಕೊಳ್ಳಲು ಹೊರಟರೆ ಹುಕ್ಕೇರಿಯ ಸೋದರಮಾವ ಅಡ್ಡ ನಿಂತರು.

"ಸ್ಟೀಲಿನ ಕೀಲು ಹಾಕಿಸ್ಕೊಂಡ್ರ ಪಂಗ್ತ್ಯಾಗ ನೆಲಕ್ಕ ಹೆಂಗ ಕೂಡ್ತಿ? ಬೀಗರು ಏನಂದಾರು?"

ಎಲುಬಿಗಿಂತ ಬೀಗರು ದೊಡ್ಡವರಲ್ಲವೇ! ಒಳಗೆ ಮತ್ತೆ ರಕ್ತ ಹರಿಯಲೆಂದು ಎಲುಬಿಗೆ ತೂತು ಕೊರೆಸಿ, ತಿಂಗಳುಗಟ್ಟಲೆ ಊರುಗೋಲು ಹಿಡಿದು, ಸ್ವಂತ ಕೀಲನ್ನೇ ಉಳಿಸಿಕೊಂಡೆ. ಆದರೂ ನೆಲಕ್ಕೆ ಕೂಡಲು ಡಾಕ್ಟರು ಇಷ್ಟು ವರ್ಷ ಬಿಟ್ಟಿರಲಿಲ್ಲ.

ಮೊನ್ನೆ ಗೋಕಾಕದಲ್ಲಿ ಡಾಕ್ಟರು ಹೊಸ ಎಕ್ಸರೇ ನೋಡಿ, "ಕೀಲು ಗಟ್ಟಿ ಐತ್ರಿ. ಇನ್ನ ಆರಾಮ ನೆಲಕ್ಕ ಕೂಡ್ರಿ" ಎಂದರು.

ಅದೇ ವಾರ ಮೂಡಲಗಿಯಲ್ಲೊಂದು ಮದುವೆ. ಚಕ್ಕಳಮಕ್ಕಳ ಹಾಕಿ ಉಣ್ಣುವ ಹುರುಪಿನಲ್ಲಿ ಒಳಗೆ ಹೋದರೆ ಉದ್ದಕ್ಕೂ ಮೇಜು, ಕುರ್ಚಿ. ಮೊದಲ ಕುರ್ಚಿಯಲ್ಲೇ ಮಾವ ಹೋಳಿಗೆ ಮುರಿಯುತ್ತಿದ್ದರು.

"ನೆಲಕ್ಕ ಯಾರ ಕೂಡ್ತಾರೋ ಈಗ?" ಎಂದರು. "ಮೊಣಕಾಲು ಹಾಳಾಗ್ತಾವು."