ಪೆಟ್ರೋಲ್ ಮುಚ್ಚಳದ ಗಂಧ

ಆಗೆಲ್ಲ ದಸರಾ ಹತ್ತಿರ ಬಂತೆಂದು ಹುಣಸೂರಿನವರಿಗೆ ಮೂಗೇ ಹೇಳುತ್ತಿತ್ತು. ಸುತ್ತಲಿನ ಹಳ್ಳಿಗಳ ಬ್ಯಾರನ್ ಎಂಬ ಒಲೆಮನೆಗಳಲ್ಲಿ ಹೊಗೆಸೊಪ್ಪು ಬೇಯುವ ಸಿಹಿ ಘಾಟು ಊರೊಳಗೆ ನುಗ್ಗಿ, ಒಣಹಾಕಿದ ಬಟ್ಟೆಗೂ ಹತ್ತಿಕೊಳ್ಳುತ್ತಿತ್ತು. ನಿಮ್ಮಲ್ಲಿ ಆ ಕಡೆಯವರಿದ್ದರೆ ಆ ವಾಸನೆ ಈಗಲೂ ನಿಮ್ಮನ್ನು ಹಬ್ಬದ ಅಡುಗೆಮನೆಗೆ ಕರೆದೊಯ್ದೀತು. ನನ್ನನ್ನು ಮಾತ್ರ ಅದು ಬಿಳಿಕೆರೆಯ ಆಚೆ, ರಸ್ತೆ ಬದಿಯಲ್ಲಿ ಕೆಟ್ಟು ನಿಂತ ಒಂದು ಹಸಿರು ಕಾರಿನ ಪಕ್ಕಕ್ಕೆ ಎಳೆದು ನಿಲ್ಲಿಸುತ್ತದೆ. ಪ್ರತಿ ಸಲವೂ ನನ್ನ ಕಿವಿ ಬಿಸಿಯಾಗುತ್ತದೆ.

ಕಾರು ನನ್ನ ತಾತನದು. ಟಿಂಬರ್ ಡಿಪೋ ನಡೆಸುತ್ತಿದ್ದ ತಾತ, ಊರು ಬಿಟ್ಟು ಹೊರಟ ಕೊಡಗಿನ ತೋಟದ ದೊರೆಯೊಬ್ಬರಿಂದ ಅದನ್ನು ಪ್ರಾಯದಲ್ಲೇ ಕೊಂಡಿದ್ದರಂತೆ. ರೇಸಿನ ಕಾರು. ಎರಡೇ ಸೀಟು, ಮೇಲೆ ಬಟ್ಟೆಯ ಮುಸುಕು, ಉದ್ದನೆಯ ಮೂತಿ. ಸೀಟುಗಳ ಹಿಂದೆ ಚೀಲ ಇಡುವಷ್ಟು ಸಂದಿ. ಅದು ನನ್ನ ಜಾಗ. ತಾತ ಅದರ ಸ್ಟೇರಿಂಗನ್ನು ಮಗನಿಗೂ ಮುಟ್ಟಗೊಡುತ್ತಿರಲಿಲ್ಲ. ಆದರೆ ಎರಡನೆಯ ಕೀಲಿ ಇದ್ದದ್ದು ನಮ್ಮಿಂದ ಎರಡು ಮನೆ ಆಚೆ ಗ್ಯಾರೇಜು ಇಟ್ಟಿದ್ದ ಮುನೀರ್ ಮಾಮನ ಸೊಂಟದಲ್ಲಿ. ಊರಲ್ಲಿ ಅದೊಂದು ದೊಡ್ಡ ಮರ್ಯಾದೆ. “ಯಜಮಾನ್ರ ಕಾರು ಮುಟ್ಟೋ ಕೈ” ಎಂದು ಜನ ತಮ್ಮ ಗಾಡಿಗಳನ್ನೂ ಅವರಲ್ಲಿಗೇ ತರುತ್ತಿದ್ದರು.

ಆಯುಧಪೂಜೆಯ ದಿನ ಮಾಮನ ಗ್ಯಾರೇಜಿನಲ್ಲೂ ಪೂಜೆ ನಡೆಯುತ್ತಿತ್ತು. ಗಿರಾಕಿಗಳ ಗಾಡಿ ಹಬ್ಬದ ದಿನ ಬರೀ ಹಣೆಯಲ್ಲಿ ನಿಲ್ಲಬಾರದು ಎಂದು ಅವರೇ ಬೂದುಗುಂಬಳ, ನಿಂಬೆಹಣ್ಣು, ಕಡ್ಲೆಪುರಿ ತಂದಿಡುತ್ತಿದ್ದರು. ಗಂಧ ಕುಂಕುಮ ಹಚ್ಚುವ ಕೆಲಸಕ್ಕೆ ಮಾತ್ರ ನಮ್ಮ ಬಾಗಿಲಿಗೆ ಬಂದು ನನ್ನನ್ನು ಕರೆಯುತ್ತಿದ್ದರು.

“ಬಾರವ್ವ ಪುಟ್ಟಿ. ನಮ್ಮ ಗ್ಯಾರೇಜಿಗೆ ನೀನೇ ಪೂಜಾರಿ ಕಣವ್ವ!”

ಒಂಬತ್ತು ವರ್ಷದವಳಿಗೆ ಇದಕ್ಕಿಂತ ದೊಡ್ಡ ಪದವಿ ಬೇಕೆ? ಸಾಣೆಕಲ್ಲಿನ ಮೇಲೆ ಗಂಧ ತೇಯ್ದು ಬಟ್ಟಲು ತುಂಬಿಸಿಕೊಂಡು, ಸ್ಪ್ಯಾನರು, ಜಾಕು, ಟ್ರ್ಯಾಕ್ಟರುಗಳಿಗೆಲ್ಲ ಹಚ್ಚುತ್ತಾ ಹೋಗುತ್ತಿದ್ದೆ. ಆ ವರ್ಷ ತಾತನ ಕಾರೂ ಅಲ್ಲೇ ಇತ್ತು. ಹಬ್ಬ ಮುಗಿದ ಮೇಲಿನ ಭಾನುವಾರ ಮೈಸೂರಿನಲ್ಲಿ ಹಳೇ ಕಾರುಗಳ ಮೆರವಣಿಗೆ. ಅದಕ್ಕಾಗಿ ಮಾಮ ಎರಡು ತಿಂಗಳಿಂದ ಅದರ ಎಂಜಿನ್ ಬಿಚ್ಚಿ ಜೋಡಿಸಿದ್ದರು.

“ಇದಕ್ಕೆ ಬಾನೆಟ್ ಮ್ಯಾಲೊಂದು, ಸ್ಟೇರಿಂಗ್ ಮ್ಯಾಲೊಂದು ಬೊಟ್ಟು, ಅಷ್ಟೇಯ. ಬ್ಯಾರೆ ಕಡೆ ಬ್ಯಾಡ ಕಣವ್ವ” ಎಂದು ಹೇಳಿ ಕುಂಬಳಕಾಯಿ ಒಡೆಯಲು ಹೋದರು.

ನಾನು ಕೇಳುವವಳೇ? ಕಾರಿನ ಹಿಂದೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಫಳಫಳ ಹೊಳೆಯುತ್ತಿತ್ತು, ಅದರಲ್ಲಿ ನನ್ನ ಮುಖ ಕಾಣುತ್ತಿತ್ತು. ಬಟ್ಟಲಲ್ಲಿ ಉಳಿದ ಗಂಧವನ್ನೆಲ್ಲ ಅದಕ್ಕೇ ಮೆತ್ತಿದೆ. ಮೆತ್ತಿದ ಮೇಲೆ ಅಂದಗೆಟ್ಟಂತೆ ಕಂಡಿತು, ಭಯವೂ ಆಯಿತು. ಲಂಗದ ಅಂಚಿನಿಂದ ತಿಕ್ಕಿ ತಿಕ್ಕಿ ಒರೆಸಿ, ಏನೂ ಮಾಡದವಳಂತೆ ಹೋಗಿ ಪುರಿ ಬೆಲ್ಲ ತಿಂದೆ.

ಭಾನುವಾರ ಬೆಳಿಗ್ಗೆ ಹೊರಟೆವು. ತಾತನ ತಲೆಗೆ ಮೈಸೂರು ಪೇಟ, ಪಕ್ಕದಲ್ಲಿ ಮಾಮ, ಹಿಂದಿನ ಸಂದಿಯಲ್ಲಿ ಟೂಲ್ಸ್ ಚೀಲದ ಜೊತೆ ನಾನು. ಬಿಳಿಕೆರೆ ಬಸ್‌ಸ್ಟ್ಯಾಂಡು ದಾಟುತ್ತಿದ್ದಂತೆ ಎಂಜಿನ್ ಎರಡು ಸಲ ಕೆಮ್ಮಿ ಸತ್ತೇಹೋಯಿತು.

ಮಾಮ ಬಾನೆಟ್ ಎತ್ತಿದರು. ಪ್ಲಗ್ ಬಿಚ್ಚಿ ಎಂಜಿನ್ನಿಗೆ ತಾಗಿಸಿ ನೋಡಿದರು. “ಕಿಡಿ ಚೆನ್ನಾಗಿ ಬತ್ತಾದೆ.” ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪಿನ ತಲೆಯ ಗಾಜಿನ ಬಟ್ಟಲು ಮಾತ್ರ ಖಾಲಿ, ಪೆಟ್ರೋಲ್ ಬರುತ್ತಿರಲಿಲ್ಲ. ಹಿಂದೆ ಹೋಗಿ ಮುಚ್ಚಳ ತೆಗೆದು ಟ್ಯಾಂಕಿಗೆ ಕಡ್ಡಿ ಇಳಿಸಿದರು. ಅರ್ಧಕ್ಕೂ ಹೆಚ್ಚಿತ್ತು. ಮತ್ತೆ ಮುಂದೆ ಬಂದು ಪಂಪಿನ ಕೈ ಒತ್ತಿದರೆ ಬಟ್ಟಲು ತಾನೇ ತುಂಬಿತು, ಕಾರು ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು. ಮಾಮ ತಲೆ ಕೆರೆದುಕೊಂಡರು.

ನಾಲ್ಕೈದು ಮೈಲಿ ಹೋಗಿ ಮತ್ತೆ ನಿಂತಿತು. ತಾತ ಗಡಿಯಾರ ನೋಡಿ, ಪೇಟ ತೆಗೆದು ಸೀಟಿನ ಮೇಲೆ ಎಸೆದು, ದೂರದ ಹುಣಸೇಮರದ ಕೆಳಗೆ ಹೋಗಿ ನಿಂತರು. ಮಾಮ ಈ ಸಲ ಬಾನೆಟ್ ಎತ್ತಲಿಲ್ಲ.  ಕಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು, ಕಿವಿ ಕೊಟ್ಟು, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡದ್ದು ನನಗೂ ಕೇಳಿಸಿತು.

“ಸಿಕ್ತು” ಎಂದರು ತಮ್ಮಷ್ಟಕ್ಕೆ. “ಟ್ಯಾಂಕಿಗೆ ಉಸುರು ಕಟ್ಟಿತ್ತು.”

ಮುಚ್ಚಳದಲ್ಲಿ ಗಾಳಿಯಾಡಲೆಂದು ಸೂಜಿ ತೂರುವಷ್ಟು ತೂತಿರುತ್ತದೆ. ಅದು ಮುಚ್ಚಿಹೋದರೆ ಪೆಟ್ರೋಲ್ ಖರ್ಚಾದಷ್ಟು ಗಾಳಿ ಒಳಗೆ ಬಾರದೆ, ಪಂಪು ಎಷ್ಟು ಎಳೆದರೂ ಪೆಟ್ರೋಲ್ ಹರಿಯುವುದಿಲ್ಲ. ಮಾಮ ತಂತಿಯಿಂದ ತೂತು ಚುಚ್ಚಿದರು. ಒಣಗಿದ ಹಳದಿ ಪುಡಿ ಅಂಗೈಗೆ ಉದುರಿತು. ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಅತ್ತು ಒಪ್ಪಿಕೊಂಡುಬಿಡುತ್ತಿದ್ದೆನೇನೋ.

ಅಷ್ಟರಲ್ಲಿ ತಾತ ಬಂದರು. “ಏನ್ಲಾ ಮುನೀರ, ಏನಾಗಿತ್ತು?”

“ಮುಚ್ಚಳದ ತೂತು ಕಟ್ಟಿತ್ತು ಯಜಮಾನ್ರೇ. ಏನೋ ಕಸ.”

“ಕಸ ಎಲ್ಲಿಂದ ಬತ್ತದ್ಲಾ? ಎರಡು ತಿಂಗಳು ನಿನ್ ತಾವೇ ಇತ್ತು.” ತಾತ ನನ್ನ ಕಡೆ ತಿರುಗಿದರು. “ಪುಟ್ಟಿ, ನೀನು ಅಲ್ಲೇ ಆಡ್ತಿದ್ದೆಯಲ್ಲವ್ವ. ಈ ಮುಚ್ಚಳ ಯಾರು ಮುಟ್ಟಿದ್ರು?”

ಗೊತ್ತಿಲ್ಲ ಎನ್ನಬಹುದಿತ್ತು. ಅಷ್ಟು ಮಾತ್ರದ ಹೇಡಿತನವಾಗಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲ. “ಮಾಮ ಪಾಲಿಶ್ ಹಾಕ್ತಿದ್ರು ತಾತ” ಎಂದೆ. “ಆ ಬೆಳ್ಳಗಿನ ಪಾಲಿಶು. ಮುಚ್ಚಳಕ್ಕೆಲ್ಲ.”

ಮಾಮ ಪಾಲಿಶ್ ಹಾಕಿದ್ದು ನಿಜವೇ. ಸುಳ್ಳಿಗೆ ಎಷ್ಟು ನಿಜ ಬೆರೆಸಬೇಕೆಂದು ನನಗೆ ಆ ವಯಸ್ಸಿಗೇ ಯಾರು ಕಲಿಸಿದ್ದರೋ.

ಮಾಮ ಅಂಗೈಯಲ್ಲಿದ್ದ ಗಂಧವನ್ನು ಪ್ಯಾಂಟಿಗೆ ಒರೆಸಿಕೊಂಡರು. “ಇರಬೋದು ಯಜಮಾನ್ರೇ. ಪಾಲಿಶೇ ಇರಬೋದು. ನಂದೇ ತಪ್ಪು.”

ಮೈಸೂರು ಮುಟ್ಟುವಾಗ ಮೆರವಣಿಗೆ ಮುಗಿದಿತ್ತು. ತಿರುಗಿ ಬಂದ ಸಂಜೆಯೇ ತಾತ ಕೈ ಚಾಚಿದರು, ಮಾಮ ಸೊಂಟದ ಗೊಂಚಲಿನಿಂದ ಆ ಕೀಲಿಯನ್ನು ಬಿಡಿಸಿ ಕೊಟ್ಟರು. ತಾತ ಡಿಪೋದಲ್ಲಿ ಕೂತು ಬಂದವರಿಗೆಲ್ಲ ಪಾಲಿಶಿನ ಕತೆ ಹೇಳಿದರು. ಕಾರು ಮೈಸೂರಿನ ಮೆಕ್ಯಾನಿಕ್ಕಿನ ಕೈಗೆ ಹೋಯಿತು. ಊರಿನ ನಾಲ್ಕಾರು ಕಾರಿನವರೂ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಮಾಮನ ಅಂಗಳದಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳಷ್ಟೇ ಉಳಿದವು. ಒಂದು ಮಾತಿನಿಂದ ಎಲ್ಲವನ್ನೂ ಸರಿಮಾಡಬಹುದಾಗಿದ್ದ ನಾನು ಆ ಅಂಗಳ ತಪ್ಪಿಸಿ, ಹಿಂದಿನ ಬೀದಿಯಲ್ಲಿ ಸ್ಕೂಲಿಗೆ ಹೋಗತೊಡಗಿದೆ.

ಮರುವರ್ಷ ಆಯುಧಪೂಜೆಯ ದಿನ ಬಾಗಿಲಲ್ಲಿ ಅದೇ ದನಿ ಕೇಳಿಸಿತು.

“ಪುಟ್ಟೀ, ಬಾರವ್ವ. ಈ ಸಲ ಗಂಧ ಒಸಿ ತೆಳ್ಳಗೆ ತೇಯಿ, ಅಷ್ಟೇಯ.”

ಅವರು ಹೇಳಿದ್ದು ಅಷ್ಟೇ. ನಾನು ಉಗ್ರಾಣದಲ್ಲಿ ಅಕ್ಕಿ ಮೂಟೆಯ ಹಿಂದೆ ಕೂತು, ಜ್ವರ ಅಂತ ಹೇಳು ಎಂದು ಅಮ್ಮನಿಗೆ ಸನ್ನೆ ಮಾಡಿದೆ. ಅಮ್ಮ ಹಾಗೇ ಹೇಳಿದಳು. “ಮಗೀನ ನೋಡ್ಕಳಿ ಅಕ್ಕ” ಎಂದು ಹೇಳಿ ಮಾಮ ಹೊರಟುಹೋದರು. ಮತ್ತೆ ಕರೆಯಲು ಬರಲಿಲ್ಲ.

ಈಗ ತಾತನಿಲ್ಲ, ಕಾರು ಯಾರದೋ ಪಾಲಾಯಿತು, ಮುನೀರ್ ಮಾಮ ತೀರಿಕೊಂಡೂ ವರ್ಷಗಳಾದವು. ಹೊಗೆಸೊಪ್ಪಿನ ಘಾಟು ಮಾತ್ರ ನಾನು ಮದುವೆಯಾಗಿ ಬಂದ ಈ ಊರಿಗೂ ದಸರಾಕ್ಕೆ ಸರಿಯಾಗಿ ಬರುತ್ತದೆ. ನನ್ನ ಸ್ಕೂಟರಿಗೆ ಅಂಗಡಿಯ ಗಂಧದ ಪುಡಿ ಕಲಸಿ ಒಂದು ಬೊಟ್ಟು ಇಡುತ್ತೇನೆ. ಪಕ್ಕದ ಮನೆಗಳಲ್ಲಿ ಯಾರೂ ಯಾರನ್ನೂ ಪೂಜೆಗೆ ಕರೆಯುವುದಿಲ್ಲ. ಕರೆಯುತ್ತಿದ್ದ ಒಬ್ಬರಿಗೆ ನಾನು ಏನು ಮಾಡಿದೆನೆಂದು ನನಗೆ ಗೊತ್ತಿದೆ. ಮದುವೆಯಾಗಿ ಊರು ಬಿಡುವವರೆಗೆ ಹದಿನಾಲ್ಕು ವರ್ಷ ನಾನು ಅವರಿಂದ ಎರಡೇ ಮನೆ ಆಚೆ ಇದ್ದೆ.