ಅರವತ್ತು ಸೊಟ್ಟ ಕಾರ್ಡುಗಳು

2005ರ ಮಳೆಗಾಲ. ಮೂಡಿಗೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಸ್ಟೇಷನರಿ ಅಂಗಡಿಯಿತ್ತು. ನೋಟ್‌ಬುಕ್ಕು, ಪೆನ್ನುಗಳ ಜೊತೆ ಟ್ರೇಡಿಂಗ್ ಕಾರ್ಡ್ ಗೇಮಿನ ಪ್ಯಾಕೆಟ್ಟುಗಳನ್ನೂ ಮಾರುತ್ತಿದ್ದೆ. ಇದು ಇಸ್ಪೀಟಲ್ಲ ಎಂದು ಊರಿನ ಹಿರಿಯರಿಗೆ ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಪ್ಯಾಕೆಟ್ಟಿನಲ್ಲಿ ಯಾವ ಕಾರ್ಡಿದೆಯೆಂದು ಒಡೆಯುವವರೆಗೂ ತಿಳಿಯದು. ಸಿಕ್ಕಿದ್ದು, ಬದಲಾಯಿಸಿಕೊಂಡದ್ದು ಎಲ್ಲ ಸೇರಿಸಿ ಪ್ರತಿಯೊಬ್ಬರೂ ತಮ್ಮದೇ ಅರವತ್ತು ಕಾರ್ಡುಗಳ ಕಟ್ಟು ಮಾಡಿಕೊಳ್ಳುತ್ತಾರೆ. ಅದೇ ಡೆಕ್. ಆಟ ನಡೆಯುವುದು ಇಬ್ಬರ ಡೆಕ್‌ಗಳ ನಡುವೆ.

ಅಧಿಕೃತ ಪಂದ್ಯ ನಡೆಸಲು ನನ್ನ ಅಂಗಡಿಗೆ ಮಾನ್ಯತೆಯಿತ್ತು. ಪರೀಕ್ಷೆ ಬರೆದು ಪಂದ್ಯದ ತೀರ್ಪುಗಾರ, ಅಂದರೆ ಜಡ್ಜ್ ಕೂಡ ಆಗಿದ್ದೆ. ನಮ್ಮ ಕಡೆ ಅಂಥವನು ನಾನೊಬ್ಬನೇ ಎಂಬ ಜಂಬ ಆಗಲೂ ಇತ್ತು, ಈಗಲೂ ಇದೆ.

ಕಾಫಿ ಕೊಯ್ಲಿನ ಕಾಲದಲ್ಲಿ ನಮ್ಮಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ವರ್ಷದ ದೊಡ್ಡ ಪಂದ್ಯ ಮಳೆಗಾಲದಲ್ಲೇ. ಆಗ ಖಾಲಿ ಬಿದ್ದಿರುತ್ತಿದ್ದ ತಮ್ಮ ಕಾಫಿ ಗೋಡೌನನ್ನು ಪ್ಲಾಂಟರ್ ಧರ್ಮಪಾಲ ಗೌಡರು ಪುಕ್ಕಟೆಯಾಗಿ ಬಿಟ್ಟುಕೊಡುತ್ತಿದ್ದರು. ಮಳೆಗಾಲದ ಭಾನುವಾರಗಳ ಮಾಮೂಲಿ ಆಟವೂ ಅಲ್ಲೇ. ಅವರ ಮಗ ಕೌಶಿಕ್ ನಮ್ಮಲ್ಲಿ ಆಡುತ್ತಿದ್ದ.

ಆ ವರ್ಷದ ಫೈನಲ್ ಕೌಶಿಕ್‌ಗೂ ಸುನೀತಾ ಅವರಿಗೂ ಬಿತ್ತು. ಸುನೀತಾ ಕಳಸದ ಕಡೆಯ ಎಸ್ಟೇಟೊಂದರ ಡಿಸ್ಪೆನ್ಸರಿಯಲ್ಲಿ ನರ್ಸ್. ಗೆದ್ದವರಿಗೆ ಬೆಂಗಳೂರಿನ ರಾಜ್ಯ ಸುತ್ತಿಗೆ ಪ್ರವೇಶ, ಸ್ಥಾನ ಒಂದೇ. ಹಿಂದಿನ ಎರಡು ವರ್ಷವೂ ಸುನೀತಾ ಫೈನಲ್‌ನಲ್ಲೇ ಸೋತು ಕಳಸದ ಬಸ್ಸು ಹತ್ತಿದ್ದರು.

ಇಬ್ಬರೂ ಒಂದೊಂದು ಆಟ ಗೆದ್ದಾಗಿತ್ತು. ಮೂರನೆಯದಕ್ಕೆ ಕಾರ್ಡು ಕಲೆಸುವಾಗ ಕೌಶಿಕ್ ಕೈ ಎತ್ತಿದ.

“ಜಡ್ಜ್! ಇವ್ರ ಕೆಲವು ಕಾರ್ಡು ಬಗ್ಗಿದಾವೆ. ಯಾವ್ದು ಬರುತ್ತೆ ಅಂತ ಮೊದ್ಲೇ ಗೊತ್ತಾಗುತ್ತೆ.”

ಅವನು ಹೇಳಿದ್ದು ಸುಳ್ಳಲ್ಲ. ಬೆನ್ನು ನೋಡಿಯೇ ಗುರುತು ಹಿಡಿಯಬಹುದಾದ ಕಾರ್ಡಿಗೆ ಮಾರ್ಕ್ಡ್ ಕಾರ್ಡ್ ಎನ್ನುತ್ತೇವೆ. ಬಗ್ಗಿದವೆಲ್ಲ ಬಲವಾದ ಕಾರ್ಡುಗಳೇ ಆಗಿದ್ದರೆ ಅದು ಮೋಸ, ಆಟ ಹೋಯಿತು. ಬಗ್ಗಿದ ಒಂಬತ್ತು ಕಾರ್ಡುಗಳನ್ನು ಬೇರೆ ಮಾಡಿ ಎಲ್ಲರೆದುರು ಮಗುಚಿದೆ. ಒಳ್ಳೆಯದು, ಕೆಲಸಕ್ಕೆ ಬಾರದ್ದು ಎಲ್ಲ ಬೆರಕೆ. ಸಾಲದ್ದಕ್ಕೆ ಘಮ್ಮೆಂದು ಹೊಗೆಯ ವಾಸನೆ.

“ಒಲೆ ಮೇಲಿನ ಹಲಗೆ ಮೇಲೆ ಇಟ್ಟಿದ್ದೆ ಸಾರ್,” ಎಂದರು ಸುನೀತಾ. “ಥಂಡಿ ಹಿಡೀಬಾರ್ದು ಅಂತ.”

ಅಡಿಯಲ್ಲಿದ್ದವು ಶಾಖಕ್ಕೆ ಬಗ್ಗಿದ್ದವು, ಅಷ್ಟೇ. ಮಳೆಗಾಲದಲ್ಲಿ ಉಪ್ಪಿನಿಂದ ಬೆಂಕಿಪೊಟ್ಟಣದವರೆಗೆ ನಾವು ಒಲೆಯ ಹತ್ತಿರ ಇಡದ ಸಾಮಾನು ಯಾವುದಿದೆ? ಮೋಸವಲ್ಲ, ಎಚ್ಚರಿಕೆ ಸಾಕು ಎಂದೆ.

ಹಿಂದೆ ಕುರ್ಚಿಯಲ್ಲಿದ್ದ ಗೌಡರು ಎದ್ದು ಬಂದರು. “ಎಂಥ ಮಾರಾಯ್ರೆ, ನಮ್ಮ ಗೋಡೌನಲ್ಲೇ ಆಟ ಇಟ್ಕೊಂಡು ನಮ್ಮ ಹುಡುಗಂಗೇ ಹಿಂಗಾ?”

ನನಗೆ ಸಿಟ್ಟು ಬಂತು. “ಗೋಡೌನು ನಿಮ್ದು ಗೌಡ್ರೆ. ತೀರ್ಪು ನಂದು.”

ಹೇಳಿಯೇನೋ ಬಿಟ್ಟೆ. ಆದರೆ ಕೆಲಸ ಅಲ್ಲಿಗೆ ಮುಗಿದಿರಲಿಲ್ಲ. ಆಟ ಮುಂದುವರಿಯಬೇಕಾದರೆ ಡೆಕ್ಕಿನ ಎಲ್ಲ ಕಾರ್ಡೂ ಹಿಂಬದಿಯಿಂದ ಒಂದೇ ಥರ ಕಾಣಬೇಕು, ಇಲ್ಲವಾದರೆ ಆಡುವಂತಿಲ್ಲ. ಆ ಒಂಬತ್ತಕ್ಕೆ ಬದಲಿ ಕಾರ್ಡುಗಳು ಯಾರ ಬಳಿಯೂ ಇರಲಿಲ್ಲ. ದಪ್ಪ ಪುಸ್ತಕಗಳ ಅಡಿಯಲ್ಲಿಟ್ಟು ಒತ್ತಿದರೂ ಅವು ನೆಟ್ಟಗಾಗಲಿಲ್ಲ. ನಿಯಮವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓದಿಕೊಂಡೆ. ಕಾರ್ಡುಗಳು ಒಂದೇ ಥರ ಇರಬೇಕು ಎಂದಿತ್ತು, ನೆಟ್ಟಗಿರಬೇಕು ಎಂದಿರಲಿಲ್ಲ.

“ಉಳಿದವನ್ನೂ ಬಗ್ಗಿಸಬಹುದು,” ಎಂದೆ. “ಆದ್ರೆ ಕಾರ್ಡು ಹಾಳಾಗ್ತವೆ. ಆಮೇಲೆ ಯಾರೂ ಬದಲಿಗೆ ತಗೊಳ್ಳಲ್ಲ.”

ಸುನೀತಾ ತಮ್ಮ ಡೆಕ್ಕನ್ನು ನೋಡಿದರು. ಹೊಳೆಯುವ ಅಪರೂಪದ ಕಾರ್ಡುಗಳು ಅದರಲ್ಲಿದ್ದವು, ಒಂದೊಂದಾಗಿ ಕೂಡಿಸಿದ್ದವು. ಅವರ ಕಣ್ಣು ತುಂಬಿಕೊಂಡದ್ದು ಕಂಡು ನನಗೂ ಸಂಕಟವಾಯಿತು.

“ಬಗ್ಗಲಿ ಸಾರ್. ನಾನು ತಗೊಂಡಿದ್ದು ಆಡೋದಕ್ಕೇ.”

ಪಕ್ಕದ ಹೋಟೆಲಿನ ಸೌದೆ ಒಲೆಯ ಮುಂದೆ ತಟ್ಟೆಗಳಲ್ಲಿ ಕಾರ್ಡು ಹರಡಿದೆವು. ಸಾಕ್ಷಿಗೆ ಕೌಶಿಕ್‌ನನ್ನೂ ಕೂರಿಸಿದೆ. ದೋಸೆ ಹುಯ್ಯುತ್ತಿದ್ದವರು ನಮ್ಮನ್ನು ನೋಡಿ ನಕ್ಕದ್ದಕ್ಕೆ ಲೆಕ್ಕವಿಲ್ಲ. ಆದರೆ ಕಾರ್ಡುಗಳು ಒಂದೊಂದೇ ಹಪ್ಪಳದಂತೆ ಡೊಂಕಾದವು. ಕೊನೆಗೆ ಕೌಶಿಕ್ ಡೆಕ್ಕನ್ನು ತಾನೇ ಕಲೆಸಿದ. ಬೆರಳಾಡಿಸಿದ, ಬೆಳಕಿಗೆ ಹಿಡಿದ.

“ಯಾವ್ದು ಯಾವ್ದು ಅಂತ ಗೊತ್ತಾಗಲ್ಲ ಸಾರ್. ಆಡ್ತೀನಿ.”

ಸುನೀತಾ ಗೆದ್ದರು. ಗೋಡೌನು ತುಂಬ ಚಪ್ಪಾಳೆ. ಗೌಡರು ಮಾತ್ರ ಎದ್ದು ಹೊರಟುಹೋದರು.

ಮುಂದಿನ ಭಾನುವಾರ ಗೋಡೌನಿಗೆ ಬೀಗ ಬಿದ್ದಿತ್ತು. ಅದೇ ಹೋಟೆಲಿನ ಮಹಡಿಯಲ್ಲಿ ಮೇಜು ಜೋಡಿಸಿದೆ. ಇನ್ನು ಯಾರು ಬರುತ್ತಾರೋ ಎಂದುಕೊಳ್ಳುವಷ್ಟರಲ್ಲಿ ಮೆಟ್ಟಿಲು ಹತ್ತಿ ಮೊದಲು ಬಂದವನು ಕೌಶಿಕ್, ಕೈಯಲ್ಲಿ ಡೆಕ್.

“ಅಪ್ಪಂಗೆ ಗೊತ್ತಾ?” ಎಂದೆ.

“ಹೇಳೇ ಬಂದೆ ಸಾರ್. ಇಲ್ಲಿ ಗೆದ್ರೆ ನಿಜವಾಗ್ಲೂ ಗೆದ್ದಂಗೆ ಅಂತ ಹೇಳಿ ಬಂದೆ.”

ಜಡ್ಜ್ ಪರೀಕ್ಷೆಯ ಸರ್ಟಿಫಿಕೇಟಿಗೆ ನಾನು ಗಾಜಿನ ಫ್ರೇಮು ಹಾಕಿಸಿದ್ದೆ. ಆದರೆ ನಾನು ಪಾಸಾದದ್ದು ಆ ಭಾನುವಾರ. ಗೆದ್ದವರು ಯಾರ ಮೇಜಿಗಾದರೂ ಮತ್ತೆ ಬರುತ್ತಾರೆ. ಸೋತವನು ನನ್ನ ಮೇಜಿಗೆ ತಾನಾಗಿ ಬಂದ.