ಮೊಣ್ಣಪ್ಪಣ್ಣನ ಕೋವಿ ಮತ್ತು ನಾನು ಒತ್ತಿದ ‘ಇಲ್ಲ’

ನಾನು ಆರೋಗ್ಯ ಕೇಂದ್ರದಲ್ಲಿ ಟ್ಯಾಬ್ ಹಿಡಿಯುವವ. ಡಾಕ್ಟರು ಮೈಸೂರಿನಲ್ಲಿ ಕೂತು ಪರದೆಯಲ್ಲಿ ಕಾಣುತ್ತಾರೆ. ಅವರ ಮುಖ ಮಾಯವಾಗದಂತೆ ಸಿಗ್ನಲ್ ಹುಡುಕಿಕೊಂಡು ಕಿಟಕಿಯಿಂದ ಕಿಟಕಿಗೆ ನಡೆಯುವುದೇ ನನ್ನ ವೈದ್ಯಕೀಯ ಸೇವೆ.

ಮೊಣ್ಣಪ್ಪಣ್ಣ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್. ಹೋದ ವರ್ಷ ಅವರ ಕಣ್ಣೆದುರೇ ಆನೆಯೊಂದು ಕಾಫಿ ಹಣ್ಣು ಕೊಯ್ಯುತ್ತಿದ್ದ ಹೆಂಗಸನ್ನು ತುಳಿದು ಕೊಂದಿತು. ಉಳಿದದ್ದನ್ನು ಗೋಣಿಯಲ್ಲಿ ಹೊತ್ತು ತಂದವರು ಇವರೇ. ಅಲ್ಲಿಂದ ಮಾತು ನಿಂತಿತು, ಕೈ ಶುರುವಾಯಿತು. ಕೂಲಿ ಲೈನಿನ ಮನೆಯ ಆಳೊಬ್ಬನ ಹಲ್ಲು ಮುರಿದರು. ಬೊಗಳಿತೆಂದು ಸಾಕಿದ ನಾಯಿಯನ್ನೇ ಸೌದೆಯಲ್ಲಿ ಬಡಿದು ಕೊಂದು, ಸಂಜೆಯವರೆಗೂ ಅದರ ಪಕ್ಕದಲ್ಲೇ ಕೂತಿದ್ದರಂತೆ. ಕೊನೆಗೆ ಹೆಂಡತಿ ಪ್ರೇಮಾವತಿಯಕ್ಕ, ಕಣ್ಣಿನ ಕೆಳಗೆ ನೀಲಿಗಟ್ಟಿದ ಬಾವು ಹೊತ್ತು, ಅವರನ್ನು ನಮ್ಮಲ್ಲಿಗೆ ಕರೆತಂದರು.

‘ಸಾಯಬೇಕು ಅನ್ನಿಸ್ತದಾ?’ ಡಾಕ್ಟರು ಕೇಳಿದರು.

‘ಆಗಾಗ.’

ಇದು ಖಿನ್ನತೆ ಎಂದು ಮಾತ್ರೆ ಬರೆಸಿದರು. ಮನೆಯಲ್ಲಿ ಅಪಾಯದ ವಸ್ತು ಇದೆಯೇ ಎಂದು ಕೇಳಿ ಟ್ಯಾಬಿನ ಫಾರಂ ತುಂಬುವ ಕೆಲಸ ನನ್ನದು.

‘ತೋಟಕ್ಕೆ ಹೊಡೆಯುವ ವಿಷ ಉಂಟಾ ಅಕ್ಕ?’

‘ಆಚೆ ಮನೆಗೆ ಕೊಟ್ಟಾಯ್ತು. ಕತ್ತಿಯನ್ನೂ ಅಡಗಿಸಿಟ್ಟಿದ್ದೇನೆ.’

‘ಮತ್ತೆ?’

‘ಮತ್ತೆಂತ ಇರ್ತದೆ ದೀಕ್ಷಿ ಮಾರಾಯ?’

‘ಇಲ್ಲ’ ಒತ್ತಿದೆ. ಕೋವಿ ಇಬ್ಬರಿಗೂ ಹೊಳೆಯಲಿಲ್ಲ. ನಮ್ಮ ಮನೆಯಲ್ಲೂ ಒಂದಿದೆ. ದೇವರ ದೀಪದ ಪಕ್ಕ ನಿಂತು, ಆಯುಧ ಪೂಜಿಸುವ ಕೈಲ್ ಮುಹೂರ್ತದ ದಿನ ಹೂ ಮುಡಿಯುವ ಮನೆಯ ಹಿರಿಯ ಅದು. ಹಿರಿಯರನ್ನು ಅಪಾಯದ ವಸ್ತು ಎಂದು ಬರೆದುಕೊಳ್ಳುವುದುಂಟೇ?

ಒಂಬತ್ತನೆಯ ದಿನ ಮರುತಪಾಸಣೆಗೆ ಅವರು ಬರಲಿಲ್ಲ. ನಾನೇ ಟ್ಯಾಬ್ ಹಿಡಿದು ಮನೆಗೆ ಹೋದೆ. ಜಗಲಿಯಲ್ಲಿ ಡಾಕ್ಟರ ಮುಖ ಮೂಡುವ ಹೊತ್ತಿಗೆ ಮೊಣ್ಣಪ್ಪಣ್ಣ ಒಳಗಿನಿಂದ ಬಂದರು. ಕೋವಿಯ ಬಾಯಿ ಅವರ ಗದ್ದದ ಕೆಳಗಿತ್ತು.

ಅಕ್ಕ ಹಾರಿ ನಳಿಗೆ ಹಿಡಿದರು. ಮೊಣ್ಣಪ್ಪಣ್ಣ ಕೋವಿಯ ಹಿಡಿಯಿಂದ ಬೀಸಿದ ಪೆಟ್ಟಿಗೆ ಅಕ್ಕನ ಹಣೆ ಒಡೆಯಿತು. ರಕ್ತ ಕಣ್ಣಿಗಿಳಿದರೂ ಬಿಡದೆ ಗಂಡನ ಮಣಿಕಟ್ಟನ್ನು ಕಚ್ಚಿದರು. ನಾನು ಟ್ಯಾಬನ್ನು ಎದೆಗೆ ಗುರಾಣಿಯಂತೆ ಹಿಡಿದು ನಿಂತಿದ್ದೆ. ಗುಂಡು ಹಾರಿತು. ಮಾಡಿನ ಹೆಂಚು ಪುಡಿಯಾಗಿ ತಲೆಯ ಮೇಲೆ ಸುರಿಯಿತು. ಓಡಲು ಹೋಗಿ ಎಡವಿ ಮೊಣ್ಣಪ್ಪಣ್ಣನ ಕಾಲಿನ ಮೇಲೆಯೇ ಬಿದ್ದೆ, ಅವರೂ ಉರುಳಿದರು. ಊರವರು ಇದನ್ನು ನನ್ನ ಧೈರ್ಯ ಎನ್ನುತ್ತಾರೆ.

‘ಕೋವಿ ಎಲ್ಲಿಂದ ಬಂತು? ಇಲ್ಲ ಅಂತ ಬರೆದಿದ್ದೀರಲ್ಲ?’ ನೆಲದ ಮೇಲಿದ್ದ ಟ್ಯಾಬಿನಿಂದ ಡಾಕ್ಟರು ಕೇಳಿದರು.

‘ನನ್ನ ತಪ್ಪು ಸಾರ್.’

‘ಅವರನ್ನು ಒಬ್ಬರೇ ಬಿಡಬೇಡಿ. ಇಬ್ಬರನ್ನೂ ಈಗಲೇ ಮಡಿಕೇರಿ ಆಸ್ಪತ್ರೆಗೆ ಕರೆದೊಯ್ಯಿರಿ. ಕೋವಿ ಠಾಣೆಗೆ ಹೋಗಲಿ.’

‘ಕೋವಿ ಇಲ್ಲದ ಮನೆಯಾ?’ ಮೊಣ್ಣಪ್ಪಣ್ಣ ಬಿದ್ದಲ್ಲಿಂದಲೇ ಗೊಣಗಿದರು.

‘ಬಾಯಿ ಮುಚ್ಚಿ,’ ಎಂದರು ಅಕ್ಕ. ‘ನಾನೇ ಕೊಟ್ಟು ಬರ್ತೇನೆ.’

ಶಬ್ದ ಕೇಳಿ ಓಡಿಬಂದ ಪಕ್ಕದ ಮನೆಯ ಗಿರಿ ಜೀಪು ತಂದ. ದಾರಿಯಲ್ಲಿ ಠಾಣೆಯೆದುರು ಅಕ್ಕ ಇಳಿದು, ರಕ್ತದ ಮುಖದಲ್ಲೇ ಕೋವಿ ಒಪ್ಪಿಸಿ ಬಂದು ಗಂಡನ ಪಕ್ಕ ಕೂತರು. ಮೊಣ್ಣಪ್ಪಣ್ಣ ಬಹಳ ಹೊತ್ತು ಆ ಹಣೆಯನ್ನೇ ನೋಡಿದರು.

‘ದೀಕ್ಷಿ, ಇದಕ್ಕೆ ಎಷ್ಟು ಹೊಲಿಗೆ ಬೀಳ್ತದೆ?’

ವರ್ಷದಲ್ಲಿ ಅವರು ಇನ್ನೊಬ್ಬರ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಹೆಗಲ ಬೈರಾಸು ತೆಗೆದು ಗಾಯಕ್ಕೆ ಒತ್ತಿದರು. ಅಕ್ಕ ಆ ಕೈ ತಳ್ಳಿದರು. ಅವರು ಮತ್ತೆ ಒತ್ತಿದರು.